ಮನೆ ಮಾರುವ ಮುಂಚೆ ಎಸಿ ಬದಲಾಯಿಸಿದ್ದು: ನನ್ನ ಅನುಭವ

ಡಲ್ಲಾಸ್ ಸುತ್ತಮುತ್ತ ಮನೆ ಮಾರಲು ಹೊರಟವರಿಗೆ ನಾನು ಹೇಳುವುದು ಇಷ್ಟೇ: ಎಸಿ ಹಳೇದಾಗಿದ್ದರೆ ಮನೆಯನ್ನು ಮಾರಾಟಕ್ಕೆ ಹಾಕುವ ಮುಂಚೆಯೇ ಬದಲಾಯಿಸಿ. "ಈಗ ತಣ್ಣಗೆ ಬರ್ತಿದೆಯಲ್ಲ, ತಗೊಂಡವರು ನೋಡ್ಕೊಳ್ತಾರೆ ಬಿಡಿ" ಅಂತ ಗೆಳೆಯರು ಹೇಳಿದರು. ನನಗೆ ಆ ಮಾತು ಹಿಡಿಸಲಿಲ್ಲ.

ಯಾಕೆ ಅಂದರೆ, ಟೆಕ್ಸಾಸ್‌ನಲ್ಲಿ ಕರಾರಿಗೆ ಸಹಿ ಆದಮೇಲೆ ಸಾಮಾನ್ಯವಾಗಿ ಕೆಲವು ದಿನ ಆಪ್ಷನ್ ಪೀರಿಯಡ್ ಇರುತ್ತದೆ. ಕೊಳ್ಳುವವರು ಸ್ವಲ್ಪ ದುಡ್ಡು ಕಟ್ಟಿ ಈ ಹಕ್ಕು ಪಡೆದಿರುತ್ತಾರೆ, ಅಷ್ಟರೊಳಗೆ ಯಾವ ಕಾರಣವನ್ನೂ ಕೊಡದೆ ಹಿಂದೆ ಸರಿಯಬಹುದು. ಆಗಲೇ ಅವರ ಪರವಾಗಿ ಮನೆ ತಪಾಸಣೆ ಮಾಡುವ ಇನ್‌ಸ್ಪೆಕ್ಟರ್ ಬರುವುದು. ಎಸಿ ಗಾಳಿ ಎಳೆದುಕೊಳ್ಳುವ ಕಡೆ, ತಣ್ಣಗೆ ಹೊರಬರುವ ಕಡೆ ಎರಡೂ ಕಡೆ ಗಾಳಿಯ ಉಷ್ಣತೆ ಅಳೆಯುತ್ತಾರೆ. ಸಾಮಾನ್ಯವಾಗಿ 15ರಿಂದ 20 ಡಿಗ್ರಿ ಫ್ಯಾರನ್‌ಹೀಟ್ ವ್ಯತ್ಯಾಸ ಇರಬೇಕು. ಕಡಿಮೆ ಬಂದರೆ ವರದಿಗೆ ಸೇರುತ್ತದೆ, ಮರುದಿನವೇ ಬೆಲೆ ಇಳಿಸಿ ಅನ್ನುತ್ತಾರೆ. ಆ ಗಡಿಬಿಡಿಯಲ್ಲಿ ನಾಲ್ಕು ಕಡೆ ವಿಚಾರಿಸಲು ನಮಗೆ ಪುರುಸೊತ್ತೇ ಇರುವುದಿಲ್ಲ.

ನಮ್ಮದು 2004ರ ಯಂತ್ರ, ತಣ್ಣಗೆ ಮಾಡಲು ಒಳಗಿದ್ದದ್ದು ಆರ್-22 ಅನ್ನುವ ಗ್ಯಾಸ್. ಅದನ್ನು ಹೊಸದಾಗಿ ತಯಾರಿಸುವುದು, ಆಮದು ಮಾಡುವುದು ಅಮೆರಿಕದಲ್ಲಿ 2020ರ ಜನವರಿ 1ರಿಂದ ನಿಂತಿದೆ. ಹಳೆ ದಾಸ್ತಾನು ಅಥವಾ ಶುದ್ಧ ಮಾಡಿದ ಗ್ಯಾಸ್ ಸಿಗುತ್ತದೆ, ದುಬಾರಿ. ಅಟ್ಟ ಹತ್ತಿ ನೋಡಿದರೆ, ಗಾಳಿಯನ್ನು ತಣ್ಣಗೆ ಮಾಡುವ ಕಾಯಿಲ್ ಕೆಳಗಿನ ತಗಡಿನ ಟ್ರೇ ತುಂಬ ಕಂದು ಬಣ್ಣದ ನೀರಿನ ಗೆರೆಗಳು, ಒಂದು ಮೂಲೆಯಲ್ಲಿ ಬೆರಳಿಟ್ಟರೆ ತುಕ್ಕು ಪುಡಿಪುಡಿಯಾಗಿ ಉದುರುತ್ತಿತ್ತು. ಅಲ್ಲಿ ತೂತು ಬಿದ್ದರೆ ನೀರು ಸೀದಾ ಮಲಗುವ ಕೋಣೆಯ ಸೀಲಿಂಗಿಗೆ, ಅಲ್ವಾ?

ಮೂರ್ನಾಲ್ಕು ಕಡೆ ಕೊಟೇಶನ್ ತಗೊಂಡೆ. ಒಬ್ಬರು 4 ಟನ್ (ತಣ್ಣಗೆ ಮಾಡುವ ಶಕ್ತಿಯ ಅಳತೆ) ಇದ್ದ ಜಾಗಕ್ಕೆ 5 ಟನ್ ಹಾಕಿ, ಬೇಗ ತಣ್ಣಗಾಗುತ್ತದೆ ಅಂದರು. ಬೇಡ ಅಂದೆ. ದೊಡ್ಡ ಯಂತ್ರ ಪಟ್ಟನೆ ತಣ್ಣಗೆ ಮಾಡಿ ಪಟ್ಟನೆ ನಿಲ್ಲುತ್ತದೆ, ಗಾಳಿಯ ತೇವ ತೆಗೆಯಲು ಸಮಯ ಸಿಗುವುದಿಲ್ಲ, ಮನೆ ತಣ್ಣಗಿದ್ದರೂ ಮೈ ಅಂಟಂಟು. ಕಿಟಕಿ, ಇನ್ಸುಲೇಶನ್, ಬಿಸಿಲು ಬೀಳುವ ದಿಕ್ಕು ಎಲ್ಲ ಹಿಡಿದು ಮನೆಗೆ ಎಷ್ಟು ದೊಡ್ಡ ಎಸಿ ಬೇಕು ಅಂತ ತಿಳಿಸುವ ಮ್ಯಾನ್ಯುಯಲ್ ಜೆ ಲೆಕ್ಕ ಹಾಕಿದವರಿಗೇ ಕೆಲಸ ಕೊಟ್ಟೆ. ಲೆಕ್ಕ ನಾಲ್ಕು ಟನ್ನಿಗೇ ಬಂತು.

ಮಾರುವ ಮನೆಗೆ ಅತಿ ದುಬಾರಿ ಮಾಡೆಲ್ ಸುಮ್ನೆ ದಂಡ. ಕರೆಂಟ್ ಬಿಲ್ಲಿನ ಉಳಿತಾಯ ಮುಂದಿನವರಿಗೆ ಹೋಗುತ್ತದೆ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ 2023ರಿಂದ ಈ ಅಳತೆಯ ಎಸಿಗೆ ಕನಿಷ್ಠ ದಕ್ಷತೆಯ ಮಟ್ಟವೇ ಏರಿದೆ, ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದು ಸಾಕು. ಆದರೆ ಹೊರಗಿನ ಯಂತ್ರ ಮಾತ್ರ ಬದಲಿಸಿ ಹಳೆ ಕಾಯಿಲ್ ಉಳಿಸಿಕೊಳ್ಳುವ ಯೋಚನೆ ಬೇಡ, ಎರಡೂ ಜೋಡಿಯಾಗಿ ಬರಬೇಕು. ನಾವು ಹಾಕಿಸಿದ್ದು 2025ರ ವಸಂತದಲ್ಲಿ, ಆರ್-454ಬಿ ಗ್ಯಾಸಿನದು. ಇದಕ್ಕೆ ಸ್ವಲ್ಪ ಬೆಂಕಿ ಹತ್ತುವ ಗುಣ ಇರುವುದರಿಂದ ಒಳಗೆ ಸೋರಿಕೆ ಸೆನ್ಸರ್ ಇರುತ್ತದೆ.

ಕೆಲಸದ ದಿನ ಒಂದನ್ನು ಮಾತ್ರ ನಿಂತು ನೋಡಿ. ಪೈಪಿನಿಂದ ಗಾಳಿ, ತೇವ ಎಳೆಯುವ ವ್ಯಾಕ್ಯೂಮ್. ಮೀಟರಿನ ಅಂಕಿ 500 ಮೈಕ್ರಾನಿಗಿಂತ (ಒಳಗೆ ಉಳಿದ ಒತ್ತಡದ ಅಳತೆ) ಕೆಳಗೆ ಬರಬೇಕು, ಪಂಪ್ ನಿಲ್ಲಿಸಿದ ಮೇಲೆ ಸರಸರ ಮೇಲೆ ಏರಬಾರದು. ನಮ್ಮ ಮೆಕ್ಯಾನಿಕ್ ಕಾಫಿಗೂ ಏಳದೆ ಆ ಮೀಟರ್ ನೋಡುತ್ತಾ ಕೂತಿದ್ದರು. ಕಂಪ್ರೆಸರ್ ಬಾಳಿಕೆ ಇಂಥ ತಾಳ್ಮೆಯ ಮೇಲೆ ನಿಂತಿದೆ ಅಂತ ನನ್ನ ನಂಬಿಕೆ.

ಹಾಕಿದ ದುಡ್ಡೆಲ್ಲ ವಾಪಸ್ ಬಂತಾ ಅಂದರೆ, ಇಲ್ಲ. ಆದರೆ ಎಸಿ ಹೆಸರಲ್ಲಿ ಚೌಕಾಸಿ ನಡೆಯಲಿಲ್ಲ, ಮಾರಾಟ ಮುರಿಯಲಿಲ್ಲ. ನಗರದ ಪರ್ಮಿಟ್, ಅವರ ತಪಾಸಣೆಯ ಕಾಗದ, ಬಿಲ್ ಎಲ್ಲ ಒಂದೇ ಫೈಲಿನಲ್ಲಿಟ್ಟು ಕೊಟ್ಟೆ. ವಾರಂಟಿಯನ್ನು ಗಡುವಿನೊಳಗೆ ನೋಂದಾಯಿಸಿ, ಹೊಸ ಮಾಲೀಕರ ಹೆಸರಿಗೆ ಬದಲಾಯಿಸುವ ಷರತ್ತು ಏನಿದೆ ಅಂತ ಮೊದಲೇ ಓದಿಕೊಳ್ಳಿ. ಕಂಪನಿಯಿಂದ ಕಂಪನಿಗೆ ಬೇರೆ ಬೇರೆ ಇರುತ್ತದೆ.