ಪದ್ಮಿನಿ ಎಂಜಿನ್ ಎರಡನೇ ಸಲ ಬಿಚ್ಚಿ ಕಟ್ಟಿದ್ದು: ನನ್ನ ಅನುಭವ

ನನ್ನ ಪ್ರೀಮಿಯರ್ ಪದ್ಮಿನಿಯ 1089 ಸಿಸಿ ಎಂಜಿನ್ ಕಟ್ಟಿದ ಮೇಲೆ ಎಂಟು ಸಾವಿರ ಕಿಲೋಮೀಟರ್ ಓಡಿದೆ. ಎರಡು ಆಯಿಲ್ ಬದಲಾವಣೆಗಳ ನಡುವೆ ಈಗ ಮೇಲಿಂದ ಒಂದು ಹನಿ ಆಯಿಲ್ ಸುರಿಯುವ ಕೆಲಸವಿಲ್ಲ. "ಹೊಸದಾಗಿ ಕಟ್ಟಿದ ಎಂಜಿನ್ ಅನ್ನು ಮೊದಲ ದಿನವೇ ಆಕ್ಸಿಲರೇಟರ್ ಜೋರಾಗಿ ತುಳಿದು ಓಡಿಸಿದರೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ" ಎಂದು ಹೆದರಿಸಿದ್ದ ಮೇಸ್ತ್ರಿಯೇ ಬಾನೆಟ್ ಎತ್ತಿಸಿ ನೋಡಿ ಹೋದರು.

ಮೊದಲ ಸಲ ಅವರ ಮಾತನ್ನೇ ಕೇಳಿದ್ದೆ. ಮನೆ ಮುಂದೆ ಅರ್ಧ ಗಂಟೆ ಐಡಲ್, ಆಮೇಲೆ ಸಾವಿರ ಕಿಲೋಮೀಟರ್‌ವರೆಗೆ ನಲವತ್ತರ ವೇಗ ದಾಟಿಸಲಿಲ್ಲ. ಐನೂರು ಕಿಲೋಮೀಟರ್‌ಗೆ ಒಂದು ಲೀಟರ್ ಆಯಿಲ್ ಕುಡಿಯಿತು. ಮೂರನೇ ಪ್ಲಗ್ ಸದಾ ಒದ್ದೆ. ಬೋರಿಂಗ್ (ಸಿಲಿಂಡರ್ ಕೊರೆಸುವುದು), ಪಿಸ್ಟನ್, ಕೂಲಿ ಸೇರಿ ಇಪ್ಪತ್ತಾರು ಸಾವಿರದಷ್ಟು ಹಣ ನೀರಿಗೆ ಹೋಯಿತು. ಹೆಡ್ ಬಿಚ್ಚಿದರೆ ಬೋರ್, ಅಂದರೆ ಸಿಲಿಂಡರಿನ ಒಳಗೋಡೆ, ಕನ್ನಡಿಯಂತೆ ಹೊಳೆಯುತ್ತಿತ್ತು. ಒಳಗೋಡೆಯನ್ನು ಕಲ್ಲಿನಿಂದ ಉಜ್ಜಿ ಹಾಕುವ ಹೋನಿಂಗ್ ಗೀರುಗಳ ಸುಳಿವೇ ಇರಲಿಲ್ಲ. ಮೆಲ್ಲಗೆ ಓಡಿಸಿದ್ದರಿಂದ, ಪಿಸ್ಟನ್ ಸುತ್ತಲಿನ ರಿಂಗ್ ಗೋಡೆಗೆ ಹೊಂದಿಕೊಂಡು ಕೂರುವ ಮೊದಲೇ ಗ್ಲೇಜ್ (ನುಣುಪು ಪದರ) ಕಟ್ಟಿತ್ತು.

ಎರಡನೇ ಸಲ ಬೋರಿಂಗ್ ಬೇಕಾಗಲಿಲ್ಲ. ಹೋನಿಂಗ್, ರಿಂಗ್ ಸೆಟ್, ಗ್ಯಾಸ್ಕೆಟ್ ಸೇರಿ ಏಳು ಸಾವಿರದ ಆಸುಪಾಸು. ಹೋನಿಂಗ್ ಆದ ಮೇಲೆ ಬೋರನ್ನು ಸೀಮೆಎಣ್ಣೆಯಲ್ಲಿ ತೊಳೆದು ಬಿಡುವ ರೂಢಿ ಬಿಟ್ಟೆ. ಬಿಸಿನೀರು, ಸೋಪಿನಪುಡಿ ಹಾಕಿ ಬ್ರಷ್‌ನಿಂದ ಉಜ್ಜಿ, ಬಿಳಿ ಬನಿಯನ್ ಬಟ್ಟೆಯಿಂದ ಒರೆಸಿದೆ. ಬಟ್ಟೆ ಬೂದುಬಣ್ಣಕ್ಕೆ ತಿರುಗಿತು. ಮತ್ತೆ ತೊಳೆದೆ. ನಾಲ್ಕನೇ ಸಲಕ್ಕೆ ಬಟ್ಟೆ ಬಿಳಿಯಾಗಿಯೇ ಬಂತು. ತಕ್ಷಣ ಆಯಿಲ್ ಸವರಬೇಕು, ಇಲ್ಲವಾದರೆ ಕಣ್ಣೆದುರೇ ತುಕ್ಕು ಹಿಡಿಯುತ್ತದೆ. ರಿಂಗಿನ ಬಾಯಿಗೆ ಎಷ್ಟು ಸಂದು ಬಿಟ್ಟೆ, ರಿಂಗಿಗೆ ಎಷ್ಟು ಆಯಿಲ್ ಹಚ್ಚಿದೆ ಎಂಬುದು ನನ್ನ ಕೈಗುಟ್ಟು, ಇಲ್ಲಿ ಬರೆಯುವುದಿಲ್ಲ.

ಪ್ಲಗ್ ತೆಗೆದು, ಆಯಿಲ್ ದೀಪ ಆರುವವರೆಗೆ ಸೆಲ್ಫ್ ಹೊಡೆದೆ. ಸ್ಟಾರ್ಟ್ ಮಾಡಿ ಸೋರಿಕೆ ನೋಡಿದ್ದಷ್ಟೇ, ಐಡಲ್‌ನಲ್ಲಿ ನಿಲ್ಲಿಸಲಿಲ್ಲ. ಬೆಳಗಿನ ಐದೂವರೆಗೆ ಮೈಸೂರಿನಿಂದ ನಂಜನಗೂಡು ರಸ್ತೆ ಹಿಡಿದೆ. ಎಂಜಿನ್ ಬಿಸಿಯಾದ ಮೇಲೆ ಮೂರನೇ ಗೇರಿನಲ್ಲಿ ಮೂವತ್ತರಿಂದ ಅರವತ್ತರವರೆಗೆ ಮುಕ್ಕಾಲು ಪಾಲು ತುಳಿದು, ಕಾಲು ತೆಗೆದು ತಾನಾಗಿ ಮೂವತ್ತಕ್ಕೆ ಇಳಿಯಲು ಬಿಟ್ಟೆ. ಹೀಗೆ ಇಪ್ಪತ್ತು ಸಲ ಇರಬಹುದು. ಮೊದಮೊದಲು ಕಾಲು ತೆಗೆದಾಗಲೆಲ್ಲ ಕನ್ನಡಿಯಲ್ಲಿ ನೀಲಿ ಹೊಗೆ ಕಾಣುತ್ತಿತ್ತು. ಹನ್ನೆರಡನೆಯದೋ ಹದಿಮೂರನೆಯದೋ ಸಲ ಬರೀ ರಸ್ತೆ ಕಂಡಿತು. ಕಾರು ನಿಲ್ಲಿಸಿ, ಇಳಿದು, ಸೈಲೆನ್ಸರ್ ಬಾಯಿಗೆ ಬೆರಳಾಡಿಸಿ ನೋಡಿದೆ. ಒಣಗಿದ ಮಸಿ. ಆ ಕ್ಷಣದ ಸಂತೋಷ ಇನ್ನೂ ಮರೆತಿಲ್ಲ.

ಮನೆಗೆ ಬಂದವನೇ ಬಿಸಿಯಿದ್ದಾಗಲೇ ಆಯಿಲ್ ಇಳಿಸಿದೆ. ಸವೆದ ಲೋಹದ ಪುಡಿಯಿಂದ ಅದು ಬೆಳ್ಳಿಪುಡಿ ಕಲಸಿದಂತೆ ಮಿನುಗುತ್ತಿತ್ತು. ಮರುದಿನ ತಣ್ಣಗಿದ್ದಾಗ ಹೆಡ್ ಬೋಲ್ಟ್‌ಗಳನ್ನು ಮತ್ತೆ ಟಾರ್ಕ್ ಮಾಡಿದೆ, ಅಂದರೆ ಅಳತೆಗೆ ತಕ್ಕಂತೆ ಬಿಗಿದೆ.

ಹಿಂದಿನ ಸೀಟಿನಲ್ಲಿ ಮೂರು ಮೂಟೆ ಅಕ್ಕಿ ಹೇರಿ ಚಾಮುಂಡಿ ಬೆಟ್ಟವನ್ನೂ ಹತ್ತಿಸಿ ನೋಡಿದೆ. ಅರ್ಧ ದಾರಿಗೇ ಟೆಂಪರೇಚರ್ ಮುಳ್ಳು ಏರಿತು. ಬಿಗಿ ಎಂಜಿನ್‌ಗೆ ಅದು ಬೇಡ, ಸಮತಟ್ಟು ರಸ್ತೆಯೇ ಸರಿ.

ಮೊದಲ ಸಲ ನೂರು ಪಿಎಸ್‌ಐ ಸುತ್ತ ಏರುಪೇರಾಗಿದ್ದ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಈಗ ನಾಲ್ಕು ಸಿಲಿಂಡರ್‌ಗಳಲ್ಲೂ ನೂರಾ ಮೂವತ್ತರ ಹತ್ತಿರ. ಎರಡು ಸಾವಿರ ಕಿಲೋಮೀಟರ್‌ವರೆಗೆ ಮಿನರಲ್ ಆಯಿಲ್ (ಸಿಂಥೆಟಿಕ್ ಅಲ್ಲದ್ದು) ಮಾತ್ರ ಹಾಕಿದೆ. ಅಷ್ಟರೊಳಗೆ ಮೂರು ಸಲ ಬದಲಾಯಿಸಿದ್ದಕ್ಕೆ ಮೂರು ಸಾವಿರ ಖರ್ಚಾಗಿರಬೇಕು. ಅದರಲ್ಲಿ ಒಂದು ರೂಪಾಯಿಯೂ ದಂಡವಲ್ಲ.