ಎಷ್ಟು ಗಂಟೆ ಅಲ್ಲ, ಯಾವ ಹೊತ್ತಿನಲ್ಲಿ

ನಾನು ಪಿಯು ಕಾಲೇಜಿನಲ್ಲಿ ಆಪ್ತಸಮಾಲೋಚಕಿ. “ಇಡೀ ದಿನ ಮೊಬೈಲೇ ಮೇಡಂ, ನೀವಾದ್ರೂ ಬುದ್ಧಿ ಹೇಳಿ” ಎಂದು ಹೆತ್ತವರು ಕರೆತರುವ ಮಕ್ಕಳಿಗೆ ನಾನು ಬುದ್ಧಿ ಹೇಳುವುದಿಲ್ಲ. ಅದನ್ನವರು ಮನೆಯಲ್ಲೇ ಸಾಕಷ್ಟು ಕೇಳಿರುತ್ತಾರೆ. ಒಂದು ವಾರ ಚಿಕ್ಕ ಪುಸ್ತಕದಲ್ಲಿ ಬರೆದಿಡಲು ಹೇಳುತ್ತೇನೆ: ಫೋನ್ ಕೈಗೆತ್ತಿಕೊಂಡದ್ದು ಎಷ್ಟು ಗಂಟೆಗೆ, ಅದಕ್ಕೆ ಮುಂಚೆ ಏನು ನಡೆದಿತ್ತು, ಮನಸ್ಸು ಹೇಗಿತ್ತು. ಆ ಪುಸ್ತಕವನ್ನು ಮನೆಯವರು ಮುಟ್ಟುವಂತಿಲ್ಲ.

ಮೊದಲು ಎಲ್ಲರೂ “ಬೋರ್” ಅಂತಲೇ ಬರೆಯುತ್ತಾರೆ. ನಾಲ್ಕೈದು ದಿನಕ್ಕೆ ನಿಜ ಇಳಿಯತೊಡಗುತ್ತದೆ.

ಹಳ್ಳಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ತೆಗೆದು ಸೈನ್ಸ್ ಸೇರಿದ್ದ ಹುಡುಗನೊಬ್ಬ ರಾತ್ರಿಯಿಡೀ ಗೇಮ್ ಆಡುತ್ತಿದ್ದ. ಅವನ ಪುಸ್ತಕದಲ್ಲಿ ಫಿಸಿಕ್ಸ್ ಕ್ಲಾಸ್ ಇದ್ದ ದಿನಗಳೇ ತುಂಬಿದ್ದವು. ಪಾಠ ಇಂಗ್ಲಿಷಿನಲ್ಲಿ ತಲೆಗೆ ಹತ್ತದು, ಎದ್ದು ಕೇಳಲು ನಾಚಿಕೆ. “ಅಲ್ಲಿ ನನ್ನ ಹೆಸರು ಹಿಡಿದು ಕರೀತಾರೆ ಮಿಸ್, ನಾನಿಲ್ದೆ ಆಟ ಶುರು ಮಾಡಲ್ಲ” ಎಂದ. ಆಟ ಆ ಅವಮಾನವನ್ನು ಒಂದಷ್ಟು ಹೊತ್ತು ಮರೆಸುತ್ತಿತ್ತು. ನೋವು ತಗ್ಗಿದ್ದು ಎಲ್ಲಿ ಎಂಬುದನ್ನು ಮನಸ್ಸು ಬೇಗ ಕಲಿಯುತ್ತದೆ, ಮತ್ತೆ ಅಲ್ಲಿಗೇ ಓಡುತ್ತದೆ. ನಿದ್ದೆಗೆಟ್ಟು ಬಂದವನಿಗೆ ಮರುದಿನದ ಪಾಠ ಇನ್ನೂ ಕಷ್ಟ.

ಫೋನ್ ಕಸಿದಿದ್ದರೆ ಅವನಿಗಿದ್ದ ಒಂದೇ ಆಸರೆಯೂ ಹೋಗುತ್ತಿತ್ತು. ಫಿಸಿಕ್ಸ್ ಉಪನ್ಯಾಸಕರು ಸಂಜೆ ಕನ್ನಡದಲ್ಲಿ ಬಿಡಿಸಿ ಹೇಳಲು ಒಪ್ಪಿದರು. ಊಟದ ಹೊತ್ತಿನಲ್ಲಿ ಮಾರ್ಕ್ಸ್ ಮಾತು ಬೇಡವೆಂದು ಅವನ ತಂದೆಗೆ ಕೇಳಿಕೊಂಡೆ. ಇಷ್ಟಾದ ಮೇಲೆಯೇ, ರಾತ್ರಿ ಫೋನನ್ನು ಹಾಲ್‌ನಲ್ಲಿ ಚಾರ್ಜಿಗೆ ಹಾಕುವ ಮಾತೆತ್ತಿದ್ದು. ಈಗಲೂ ಭಾನುವಾರ ಆಡುತ್ತಾನೆ. ಆಡಲಿ.

ಹುಡುಗಿಯರಲ್ಲಿ ನಾನು ಹೆಚ್ಚಾಗಿ ಕಂಡದ್ದು, ಗೆಳತಿಯರು ದೂರವಿಟ್ಟ ನೋವು. ಅವರು ಎಲ್ಲಿಗೆ ಹೋದರು, ಫೋಟೋದಲ್ಲಿ ಯಾರಿದ್ದಾರೆ ಎಂದು ನೋಡುತ್ತಲೇ ಇರುವುದು; ನೋಡಿದಷ್ಟೂ ಸಂಕಟ.

“ಅಡಿಕ್ಟ್” ಎಂಬ ಹಣೆಪಟ್ಟಿಯನ್ನು ನಾನು ಹಚ್ಚುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ಡಿಸಾರ್ಡರ್ ಅನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದೆ, 2022ರಿಂದ ಅದು ಜಾರಿಯಲ್ಲೂ ಇದೆ. ಆದರೆ ಹಿಡಿತ ತಪ್ಪಿ, ಬದುಕು ಕೆಡುತ್ತಿದ್ದರೂ ಬಿಡಲಾಗದ ಸ್ಥಿತಿ ಸಾಮಾನ್ಯವಾಗಿ 12 ತಿಂಗಳಾದರೂ ಇರಬೇಕು. ಅದನ್ನು ತೀರ್ಮಾನಿಸಬೇಕಾದವರು ವೈದ್ಯರು. ಊಟ, ಸ್ನಾನ ಬಿಟ್ಟವರನ್ನು, ಮಂಕಾಗಿ ಮೂಲೆ ಸೇರಿದವರನ್ನು ಮನೋವೈದ್ಯರಲ್ಲಿಗೆ ಕಳಿಸುತ್ತೇನೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಿಂದ ಶಟ್ ಕ್ಲಿನಿಕ್ ಇದೆ. ಸಾಯುವ ಮಾತು ಬಂದರಂತೂ ಆ ಮಗುವನ್ನು ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಲು ಹೇಳುತ್ತೇನೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.