ಕುತ್ತಿಗೆ ನೋವಿಗೂ ಮುಂದೆ ಬಾಗಿದ ಭುಜಗಳಿಗೂ ಮನೆಯಲ್ಲೇ ಮಾಡಬಹುದಾದ ವ್ಯಾಯಾಮಗಳು

ಕೊಡಗಿನಲ್ಲಿ ಕುತ್ತಿಗೆ ನೋವು ಕಂಪ್ಯೂಟರ್ ಮುಂದೆ ಕೂರುವವರಿಗಷ್ಟೇ ಬರುವ ತೊಂದರೆಯಲ್ಲ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಸೊಂಟಕ್ಕೆ ಚೀಲ ಕಟ್ಟಿಕೊಂಡು ಇಡೀ ದಿನ ಗಿಡದ ರೆಂಬೆಗಳ ನಡುವೆ ತಲೆ ತಗ್ಗಿಸಿ ಹಣ್ಣು ಬಿಡಿಸುವವರಿಗೂ, ಮಡಿಕೇರಿಯಲ್ಲಿ ಬ್ಯಾಂಕಿನ ಕೌಂಟರಿನ ಹಿಂದೆ ಕೂರುವವರಿಗೂ, ಘಾಟಿಯ ತಿರುವುಗಳಲ್ಲಿ ಸ್ಟಿಯರಿಂಗ್ ಮೇಲೆ ಬಾಗಿ ಜೀಪು ಓಡಿಸುವವರಿಗೂ ಸಂಜೆಯ ಹೊತ್ತಿಗೆ ನೋಯುವ ಜಾಗ ಹೆಚ್ಚುಕಡಿಮೆ ಒಂದೇ: ಕುತ್ತಿಗೆಯ ಹಿಂಭಾಗ ಮತ್ತು ಅಲ್ಲಿಂದ ಭುಜಕ್ಕೆ ಇಳಿಯುವ ಸ್ನಾಯು. ನೋವು ಅಲ್ಲಿರುವುದರಿಂದ ಮುಲಾಮು ಹಚ್ಚುವುದೂ ತಿಕ್ಕುವುದೂ ಅಲ್ಲಿಗೇ. ಆದರೆ ಸಾಮಾನ್ಯವಾಗಿ ಬಲ ಕಳೆದುಕೊಂಡಿರುವುದು ಬೇರೆ ಎರಡು ಕಡೆ: ಗಂಟಲಿನ ಹಿಂದೆ, ಕುತ್ತಿಗೆಯ ಮಣಿಗಳಿಗೆ ಅಂಟಿಕೊಂಡಿರುವ ಆಳದ ಸಣ್ಣ ಸ್ನಾಯುಗಳಲ್ಲಿ ಮತ್ತು ಎರಡು ಹೆಗಲ ಹಲಗೆಗಳ ನಡುವೆ. ಚೆಕ್ ವೈದ್ಯ ವ್ಲಾದಿಮಿರ್ ಯಾಂಡಾ ‘ಅಪ್ಪರ್ ಕ್ರಾಸ್ಡ್ ಸಿಂಡ್ರೋಮ್’ ಎಂದು ಕರೆದದ್ದು ಇದನ್ನೇ; ಎದೆಯ ಮತ್ತು ಕತ್ತಿನ ಹಿಂಭಾಗದ ಸ್ನಾಯುಗಳು ಬಿಗಿದುಕೊಂಡರೆ, ಅವುಗಳ ಎದುರು ಬದಿಯವು ಸಡಿಲಗೊಂಡು ಸೋಲುತ್ತವೆ. ಸುಮಾರು 4.5ರಿಂದ 5 ಕಿಲೋ ತೂಗುವ ತಲೆ ಭುಜದ ನೇರದಿಂದ ಮುಂದಕ್ಕೆ ಸರಿದಷ್ಟೂ ಅದನ್ನು ಹಿಡಿದು ನಿಲ್ಲಿಸುವ ಹೊರೆ ಹಿಂಭಾಗದ ಸ್ನಾಯುಗಳ ಮೇಲೆ ಬೀಳುತ್ತದೆ.

ವ್ಯಾಯಾಮ ಆರಂಭಿಸುವ ಮುನ್ನ ಕೆಲವು ಲಕ್ಷಣಗಳು ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಕೈಯಲ್ಲಿ ಹೆಚ್ಚುತ್ತಿರುವ ಜೋಮು ಅಥವಾ ಬಲಹೀನತೆ, ಅಂಗಿಯ ಗುಂಡಿ ಹಾಕಲು ತಡವರಿಸುವುದು, ನಡಿಗೆ ತೂರಾಡುವುದು, ಮಲಮೂತ್ರದ ಹಿಡಿತ ತಪ್ಪುವುದು, ಜ್ವರದ ಜೊತೆ ಕುತ್ತಿಗೆ ಸೆಟೆದುಕೊಳ್ಳುವುದು, ಮರದಿಂದ ಬಿದ್ದ ಅಥವಾ ವಾಹನ ಅಪಘಾತವಾದ ನಂತರ ಶುರುವಾದ ನೋವು, ಎದೆಯೊತ್ತಡದೊಂದಿಗೆ ಎಡಗೈಗೆ ಹರಿಯುವ ನೋವು: ಇವುಗಳಲ್ಲಿ ಯಾವುದಿದ್ದರೂ ಮೊದಲು ಆಸ್ಪತ್ರೆಗೆ ಹೋಗಬೇಕು. ಕ್ಷೌರದಂಗಡಿಯಲ್ಲಿ ಕುತ್ತಿಗೆಯನ್ನು ಫಕ್ಕನೆ ತಿರುಚಿಸಿ ಲಟಿಕೆ ತೆಗೆಸಿಕೊಳ್ಳುವ ಅಭ್ಯಾಸವನ್ನಂತೂ ಇಂದೇ ಬಿಡುವುದು ಒಳ್ಳೆಯದು. ಮೆದುಳಿಗೆ ರಕ್ತ ಒಯ್ಯುವ ಎರಡು ಧಮನಿಗಳು ಕುತ್ತಿಗೆಯ ಮಣಿಗಳಲ್ಲಿರುವ ರಂಧ್ರಗಳ ಮೂಲಕವೇ ಹಾದುಹೋಗುತ್ತವೆ. ಅಪರೂಪಕ್ಕೆ ಅವುಗಳ ಗೋಡೆ ಹರಿದು ಪಾರ್ಶ್ವವಾಯು ಆದದ್ದುಂಟು.

ಎಲ್ಲಕ್ಕಿಂತ ಮುಖ್ಯವಾದ ವ್ಯಾಯಾಮವು ನೋಡುವುದಕ್ಕೆ ಏನೂ ಅಲ್ಲವೆಂಬಷ್ಟು ಸಣ್ಣದು, ಹಾಗಾಗಿಯೇ ಹೆಚ್ಚಿನವರು ಅದನ್ನು ತಪ್ಪಾಗಿ ಮಾಡುತ್ತಾರೆ. ಚಾಪೆಯ ಮೇಲೆ ಅಂಗಾತ ಮಲಗಿ, ಮಂಡಿಗಳನ್ನು ಮಡಚಿ, ತಲೆಯ ಕೆಳಗೆ ಮಡಚಿದ ಟವೆಲೊಂದನ್ನು ಇಟ್ಟುಕೊಳ್ಳಿ. ತಲೆಯನ್ನು ಎತ್ತದೆ, ‘ಹೂಂ’ ಎಂದು ಒಪ್ಪಿಗೆ ಸೂಚಿಸುವಷ್ಟೇ ಅಳತೆಯಲ್ಲಿ ಗದ್ದವನ್ನು ಗಂಟಲಿನ ಕಡೆಗೆ ತನ್ನಿ. ಆಗ ತಲೆಯ ಹಿಂಭಾಗವು ಟವೆಲಿನ ಮೇಲೆ ಸ್ವಲ್ಪ ಮೇಲ್ಮುಖವಾಗಿ ಜಾರಿದಂತೆ ಅನಿಸಬೇಕು. ಒಂದು ಕೈಯ ಎರಡು ಬೆರಳುಗಳನ್ನು ಕುತ್ತಿಗೆಯ ಪಕ್ಕದಲ್ಲಿ, ಕಿವಿಯ ಹಿಂದಿನಿಂದ ಎದೆಮೂಳೆಗೆ ಓರೆಯಾಗಿ ಇಳಿಯುವ ದಪ್ಪ ಸ್ನಾಯುವಿನ ಮೇಲೆ ಹಗುರವಾಗಿ ಇಟ್ಟಿರಿ. ಅದು ಹಗ್ಗದಂತೆ ಬಿಗಿಯಾದರೆ ನೀವು ಬೇಕಾದುದಕ್ಕಿಂತ ಹೆಚ್ಚು ಬಲ ಹಾಕುತ್ತಿದ್ದೀರಿ, ಆಳದ ಸ್ನಾಯುಗಳ ಕೆಲಸವನ್ನು ಹೊರಗಿನ ಸ್ನಾಯು ಕಸಿದುಕೊಂಡಿದೆ ಎಂದರ್ಥ; ಅರ್ಧದಷ್ಟು ಪ್ರಯತ್ನಕ್ಕೆ ಇಳಿಸಿ. ಹಲ್ಲುಗಳು ಒಂದಕ್ಕೊಂದು ತಾಗದಿರಲಿ, ಉಸಿರು ಸರಾಗವಾಗಿರಲಿ. 5 ಸೆಕೆಂಡ್ ಹಿಡಿದು ಬಿಡಿ, 10 ಬಾರಿ ಮಾಡಿ. ಸುಲಭವಾಗುತ್ತಾ ಹೋದಂತೆ 10 ಸೆಕೆಂಡಿಗೆ ಏರಿಸಿ.

ಇದು ಹಿಡಿತಕ್ಕೆ ಬಂದ ಮೇಲೆ ಕುಳಿತು ಮಾಡುವ ರೂಪಕ್ಕೆ ಬರಬಹುದು. ಬೆನ್ನು ನೇರವಾಗಿಸಿ ಕುಳಿತು, ತೋರುಬೆರಳನ್ನು ಗದ್ದಕ್ಕೆ ತಾಗಿಸಿ, ಬೆರಳನ್ನು ಅಲ್ಲೇ ನಿಲ್ಲಿಸಿ, ಗದ್ದವನ್ನು ಅದರಿಂದ ಒಂದು ಬೆರಳಿನಗಲ ಹಿಂದಕ್ಕೆ ಸರಿಸಿ. ನೋಟ ಎದುರಿನ ಗೋಡೆಯ ಮೇಲೇ ಇರಬೇಕು. ನೆಲ ಕಂಡರೆ ತಲೆ ತಗ್ಗಿದೆ, ಸೂರು ಕಂಡರೆ ಎತ್ತಿದೆ. ದಿನದಲ್ಲಿ ನಾಲ್ಕಾರು ಸಲ, ಪ್ರತಿ ಸಲ ಎಂಟು ಹತ್ತು ಬಾರಿ ಮಾಡಿದರೆ ಸಾಕು.

ಇನ್ನು ಹೆಗಲ ಹಲಗೆಗಳು. ತೋಳುಗಳನ್ನು ಇಳಿಬಿಟ್ಟು ನಿಂತು, ಎರಡೂ ಹಲಗೆಗಳನ್ನು ಹಿಂದಕ್ಕೂ ಸ್ವಲ್ಪ ಕೆಳಕ್ಕೂ ಎಳೆದು 5 ಸೆಕೆಂಡ್ ಹಿಡಿಯಿರಿ. ‘ಎದೆ ಉಬ್ಬಿಸಿ’ ಎಂದ ಕೂಡಲೇ ಭುಜವನ್ನು ಕಿವಿಯವರೆಗೆ ಏರಿಸಿಬಿಡುವುದು ಎಲ್ಲರ ಅಭ್ಯಾಸ. ಈಗಾಗಲೇ ದಣಿದಿರುವ ಸ್ನಾಯುವಿಗೆ ಅದು ಇನ್ನಷ್ಟು ಕೆಲಸ ಕೊಡುತ್ತದೆ. ಒಂದೆರಡು ವಾರದ ನಂತರ ವ್ಯಾಯಾಮದ ರಬ್ಬರ್ ಪಟ್ಟಿಯನ್ನೋ, ಸೈಕಲ್ಲಿನ ಹಳೆಯ ಟ್ಯೂಬನ್ನೋ ಕಿಟಕಿಯ ಸರಳಿಗೆ ಭದ್ರವಾಗಿ ಕಟ್ಟಿ, ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು ಹಿಂದಕ್ಕೆ ಎಳೆಯಿರಿ; 10ರಿಂದ 12 ಬಾರಿ, ಎರಡು ಸುತ್ತು, ದಿನ ಬಿಟ್ಟು ದಿನ. ಪಟ್ಟಿಯನ್ನು ಎಳೆಯುವಾಗಿನಷ್ಟೇ ನಿಧಾನವಾಗಿ ಬಿಡುವುದೂ ಮುಖ್ಯ.

ಎದೆಯ ಬಿಗಿತ ಸಡಿಲಿಸಲು ಬಾಗಿಲ ಚೌಕಟ್ಟು ಸಾಕು. ಮುಂಗೈಗಳನ್ನು ಚೌಕಟ್ಟಿಗೆ ಒರಗಿಸಿ, ಮೊಣಕೈಗಳನ್ನು ಭುಜದ ಎತ್ತರದಲ್ಲಿಟ್ಟು, ಒಂದು ಹೆಜ್ಜೆ ಮುಂದಿಟ್ಟು, ಎದೆ ಹಿಗ್ಗುವವರೆಗೆ ದೇಹವನ್ನು ಮುಂದಕ್ಕೆ ತನ್ನಿ. 30 ಸೆಕೆಂಡ್, ಮೂರು ಬಾರಿ. ಕುತ್ತಿಗೆಯ ಹಿಂಭಾಗಕ್ಕೆ, ಮುಖವನ್ನು ಅರೆಯಷ್ಟು ಒಂದು ಪಕ್ಕಕ್ಕೆ ತಿರುಗಿಸಿ ಅದೇ ಕಡೆಯ ಕಂಕುಳನ್ನು ನೋಡುವಂತೆ ತಲೆ ಬಾಗಿಸಿ, ಕೈಯ ಭಾರವನ್ನಷ್ಟೇ ತಲೆಯ ಮೇಲಿಟ್ಟು 20 ಸೆಕೆಂಡ್ ಇರಿ, ಎಳೆಯಬಾರದು.

ಕರಿಮೆಣಸು ಕೊಯ್ಯುವವರ ವಿಷಯ ಸ್ವಲ್ಪ ಬೇರೆ. ಸಿಲ್ವರ್ ಓಕ್ ಮರಕ್ಕೆ ಒರಗಿಸಿದ ಏಣಿಯ ಮೇಲೆ ನಿಂತು ತಲೆಯನ್ನು ಹಿಂದಕ್ಕೆ ಬಾಗಿಸಿ ಗೊಂಚಲು ಹುಡುಕುವವರ ಕುತ್ತಿಗೆಯ ಹಿಂದಿನ ಕೀಲುಗಳು ಒಂದರ ಮೇಲೊಂದು ಒತ್ತಿಕೊಳ್ಳುತ್ತವೆ. ಅವರು ತಲೆಯನ್ನು ಹಿಂದಕ್ಕೆ ಸುತ್ತಿಸುವ ವ್ಯಾಯಾಮಗಳನ್ನು ಬಿಟ್ಟು, ಮಲಗಿ ಮಾಡುವ ಗದ್ದದ ವ್ಯಾಯಾಮಕ್ಕೇ ಹೆಚ್ಚು ಸಮಯ ಕೊಡಬೇಕು; ಗೊಂಚಲು ಕಣ್ಣಿನ ಮಟ್ಟಕ್ಕೆ ಬರುವಂತೆ ಏಣಿಯಲ್ಲಿ ಒಂದು ಮೆಟ್ಟಿಲು ಹೆಚ್ಚು ಹತ್ತುವುದು ಯಾವ ವ್ಯಾಯಾಮಕ್ಕಿಂತಲೂ ಮೇಲು. ಮೇಲೆ ನೋಡಿದಾಗ ತಲೆ ಸುತ್ತುವವರು ಪರೀಕ್ಷೆ ಮಾಡಿಸಿಕೊಳ್ಳುವವರೆಗೆ ಏಣಿ ಹತ್ತಲೇಬಾರದು.

ವ್ಯಾಯಾಮದ ವೇಳೆ ಸಣ್ಣ ಸೆಳೆತವಾಗುವುದು ಸಹಜ, ಚುಚ್ಚುವ ನೋವು ಸಹಜವಲ್ಲ. ತೋಳಿಗೆ ಹರಿಯುತ್ತಿದ್ದ ನೋವು ಮೇಲಕ್ಕೆ ಸರಿದು ಕುತ್ತಿಗೆಯಲ್ಲೇ ನಿಂತರೆ, ಅಲ್ಲಿ ತುಸು ಹೆಚ್ಚಾದರೂ ಸಾಮಾನ್ಯವಾಗಿ ಅದು ಒಳ್ಳೆಯ ಸೂಚನೆ. ಬೆರಳುಗಳ ಕಡೆಗೆ ಇಳಿದರೆ ಆ ವ್ಯಾಯಾಮವನ್ನು ನಿಲ್ಲಿಸಿ ಫಿಸಿಯೋಥೆರಪಿಸ್ಟರಿಗೆ ತೋರಿಸಬೇಕು. ಸ್ನಾಯುಗಳಿಗೆ ಬಲ ಬರಲು ಕನಿಷ್ಠ ಆರು ವಾರವಾದರೂ ಬೇಕು. ಜೂನಿನಿಂದ ಮಳೆ ಹಿಡಿದು ಮೈಯೆಲ್ಲ ಮರಗಟ್ಟುವ ದಿನಗಳಲ್ಲಿ ಬಟ್ಟೆ ಸುತ್ತಿದ ಬಿಸಿನೀರಿನ ಚೀಲದಿಂದ 15 ನಿಮಿಷ ಶಾಖ ಕೊಟ್ಟು ಶುರುಮಾಡಿದರೆ ಕುತ್ತಿಗೆ ಸಲೀಸಾಗಿ ಒಗ್ಗುತ್ತದೆ.

ಕುಳಿತು ಕೆಲಸ ಮಾಡುವವರು ಸರಿಯಾದ ಭಂಗಿಯೊಂದನ್ನು ಹುಡುಕಿ ಅದರಲ್ಲೇ ಸೆಟೆದು ಕೂರುವ ಬದಲು ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಬೇಕು. ಮೊಬೈಲನ್ನು ಮುಖದ ಮಟ್ಟಕ್ಕೆ ಎತ್ತಿ, ಮೊಣಕೈಗೆ ದಿಂಬಿನ ಆಸರೆ ಕೊಡಿ. ಪಕ್ಕಕ್ಕೆ ಮಲಗುವವರ ದಿಂಬು ಭುಜ ಮತ್ತು ಕಿವಿಯ ನಡುವಿನ ತೆರಪನ್ನು ತುಂಬುವಷ್ಟು ದಪ್ಪವಿರಲಿ. ತೋಟದಲ್ಲಿ ಸಿಂಪರಣೆ ಪಂಪನ್ನು ಬೆನ್ನಿಗೇರಿಸುವವರು ಎರಡೂ ಪಟ್ಟಿಗಳನ್ನು ಸಮನಾಗಿ ಬಿಗಿದುಕೊಂಡು, ನೋವಿರುವ ದಿನಗಳಲ್ಲಿ ಅರ್ಧ ಟ್ಯಾಂಕ್ ಮಾತ್ರ ತುಂಬಿಸಬೇಕು. ಕಾಫಿ ಚೀಲವನ್ನು ತಲೆಯ ಮೇಲೆ ಹೊರುವುದನ್ನು ಕುತ್ತಿಗೆ ಎರಡೂ ಕಡೆಗೆ ನೋವಿಲ್ಲದೆ ತಿರುಗುವವರೆಗೆ ಬೇರೆಯವರಿಗೆ ಬಿಡಬೇಕು.